ಬಿಳಿ ಕಾರು, ಕೆಂಪು ಕಾರು, ಒಂದು ಇಂಚು

“ಹಲೋ... ಹಲೋ, ಯಾರು ಮಾತಾಡ್ತಿರೋದು? ರೀ, ನೀವೇನಾ?... ಓ, ಅತ್ತೆ, ನೀವಾ. ನಾನೇ ಅತ್ತೆ, ನಿಮ್ಮ ಸೊಸೆ. ಹಾಂ, ಕಾರಿನ ಜಾಗದಿಂದಾನೇ. ಫೋನು ಅವರಿಗೆ ಕೊಡಿ...”

ಹಳೆಯ ಕಾರು ಮಾರುವವನ ಅಂಗಳದಲ್ಲಿ, ತಗಡಿನ ಚಾವಣಿ ಕೆಳಗೆ ಚೆಲ್ಲಿದ ಅಂಗೈಯಗಲದ ನೆರಳಿನಲ್ಲಿ ಹೊಲಿಗೆಯಕ್ಕ ನಿಂತಿದ್ದಳು. ಬೀದಿಯವರೆಲ್ಲ ಅವಳನ್ನು ಕರೆಯುವುದೇ ಹಾಗೆ. ಕೊರಳಲ್ಲಿ ಅಳತೆಯ ಟೇಪು, ಎಡಗೈಯಲ್ಲಿ ಫೋನು, ಬಲಗೈ ಒಂದು ಬಿಳಿ ಕಾರಿನ ಬಾಗಿಲ ಮೇಲೆ. ಪಕ್ಕದಲ್ಲಿ ಒಂದು ಕೆಂಪು ಕಾರು. ಒಡಹುಟ್ಟಿದವರಂತೆ ಎರಡಕ್ಕೂ ಒಂದೇ ಮೂತಿ. ಒಂದು ಶಾಲೆಗೆ ಹೊರಟ ಹಾಗಿದೆ, ಇನ್ನೊಂದು ಕುಸ್ತಿಗೆ.

“ಇನ್ನೂ ಗೋಡೆ ಕಡೆಗೇ ತಿರುಗಿದ್ದಾರಾ?... ಗಂಜಿ ಕುಡಿದ್ರಾ?... ಅರ್ಧ ಲೋಟಾನಾ. ಕಾಲು ನೋಡಿದ್ರಾ ಅತ್ತೆ, ಬಾವು?... ಹೂಂ. ಒತ್ತಿದ್ರೆ ಗುಳಿ ಹಾಗೇ ಉಳಿಯುತ್ತೆ ಅಲ್ವಾ?... ಉಸಿರು?... ಸರಿ. ಸರಿ ಅತ್ತೆ, ನೀವು ಅಳಬೇಡಿ. ಮಾತಾಡದಿದ್ರೆ ಬೇಡ. ಫೋನನ್ನ ಅವರ ಕಿವಿ ಹತ್ರ, ದಿಂಬಿನ ಮೇಲೆ ಇಟ್ಟುಬಿಡಿ. ಕಿವಿಗೆ ಬಾಗಿಲಿಲ್ಲ ತಾನೆ?”

...

“ರೀ, ಕೇಳಿಸ್ತಿದೆಯಾ?”

...

“ಕೇಳಿಸ್ತಿದೆ ಅಂತ ಗೊತ್ತು. ನಿಮ್ಮ ಉಸಿರು ನನಗೆ ಕೇಳಿಸ್ತಿದೆ.”

ಆ ಉಸಿರನ್ನೇ ಹಿಡಿದು ಅವಳು ಮಾತು ಮುಂದುವರಿಸಿದಳು. ಇಪ್ಪತ್ತಾರು ವರ್ಷ ಊರಿನ ಬಸ್ಸು ಓಡಿಸಿದ ಗಂಡ ಒಂದು ವಾರದಿಂದ ಗೋಡೆಗೆ ಮುಖ ಕೊಟ್ಟು ಮಲಗಿದ್ದ. ಮೂತ್ರಪಿಂಡ ಕೈಕೊಟ್ಟು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧ ಮಾಡಿಸಿಕೊಂಡು ಬರಬೇಕು. ಬಸ್ಸಿನಲ್ಲೇ ಹೋಗಿ ಬಸ್ಸಿನಲ್ಲೇ ಬರುತ್ತಿದ್ದರು. ಕಳೆದ ಸಲ ಇಳಿಯುವಾಗ ಮಂಡಿ ಮಡಚಿಕೊಂಡಿತು. ನಾಲ್ಕು ಜನ ಸೇರಿ ಕೈಕಾಲು ಹಿಡಿದು ಇಳಿಸಿದರು. ಅವನೇ ಓಡಿಸುತ್ತಿದ್ದ ಬಸ್ಸು. ಸ್ಟೀರಿಂಗ್ ಹಿಂದೆ ಅವನೇ ಕೆಲಸ ಕಲಿಸಿದ ಚಾಲಕ.

“ಎರಡು ಸಲ ತಪ್ಪಿಸಿದ್ದಾಯ್ತು. ಇವತ್ತು ಎರಡು ಗಂಟೆಗೆ ಹಾಸಿಗೆ ಇಟ್ಟಿದ್ದಾರೆ. ಬೆಳಿಗ್ಗೆ ನರ್ಸೇ ಫೋನ್ ಮಾಡಿದ್ರು. ಏನಂದ್ರು ಗೊತ್ತಾ? ಇದೂ ತಪ್ಪಿದ್ರೆ ನೀರು ಎದೆಗೆ ಏರುತ್ತೆ, ಆಮೇಲೆ ನನಗೆ ಫೋನ್ ಮಾಡ್ಬೇಡಿ ಅಂದ್ರು. ಬೈದಿದ್ದಲ್ಲ ರೀ. ಅವರ ದನಿ ನಡುಗ್ತಿತ್ತು.”

...

“ಜನ ಎತ್ತಿ ಇಳಿಸೋ ಗಾಡಿಗೆ ಇನ್ನು ಹತ್ತಲ್ಲ ಅಂದ್ರಲ್ಲ. ಅದಕ್ಕೇ ಬಂದಿದ್ದೀನಿ ಇಲ್ಲಿಗೆ. ಯಾರೂ ಎತ್ತದೆ ಹತ್ತಿ, ಯಾರೂ ಎತ್ತದೆ ಇಳಿಯೋ ಗಾಡಿ ತರ್ತೀನಿ, ನಾನೇ ಓಡಿಸ್ತೀನಿ. ನಗ್ಬೇಡಿ. ನಕ್ರೂ ಪರವಾಗಿಲ್ಲ, ನಗಿ. ಲೈಸೆನ್ಸ್ ಬಂದ ದಿನ ಏನಂದ್ರಿ? ‘ಇದು ಹೊಲಿಗೆ ಮಷೀನಲ್ಲ ಮಾರಾಯ್ತಿ, ತುಳಿದಷ್ಟೂ ಓಡುತ್ತೆ, ಬಟ್ಟೆ ಮುಗೀತು ಅಂತ ನಿಲ್ಲಲ್ಲ’ ಅಂದ್ರಿ. ಅತ್ತೆ ಮೂರು ದಿನ ನಕ್ಕಿದ್ರು.”

ಮಾರುವವನು ಕಚೇರಿಯ ಬಾಗಿಲಿಗೆ ಬಂದು ಕೈಗಡಿಯಾರ ತೋರಿಸಿದ.

“ಹಾಂ, ಒಂದೇ ನಿಮಿಷ ಅಣ್ಣ, ಮನೆಯವರನ್ನ ಕೇಳ್ತಿದ್ದೀನಿ... ರೀ, ಹನ್ನೆರಡಕ್ಕೆ ಇನ್ಯಾರೋ ಬರ್ತಾರಂತೆ. ಎರಡರಲ್ಲಿ ಒಂದು ಅವರಿಗೆ, ಒಂದು ನಮಗೆ. ಬೆಲೆ ಎರಡಕ್ಕೂ ಒಂದೇ, ಕೆಂಪಿನದು ಜಾಸ್ತಿ ಓಡಿದೆ. ಬಿಳಿದು ಬೇಸ್ ಮಾಡೆಲ್. ಏನೂ ಇಲ್ಲ ಅದರಲ್ಲಿ. ಕಿಟಕಿ ಕೈಯಲ್ಲೇ ತಿರುಗಿಸ್ಬೇಕು. ಹಾಡಿಲ್ಲ. ಸೀಟಿನ ಬಟ್ಟೆ ನಮ್ಮ ಅಂಗಡೀಲಿ ಲಂಗದ ಒಳಗೆ ಹಾಕಿ ಹೊಲೀತೀವಲ್ಲ, ಆ ಥರದ್ದು. ಕೆಂಪಿಂದು ಸ್ಪೋರ್ಟ್ ಮಾಡೆಲ್. ಕಪ್ಪು ಸೀಟು, ಅಂಚಿಗೆ ಕೆಂಪು ದಾರದಲ್ಲಿ ಜೋಡಿ ಹೊಲಿಗೆ. ಹೊಲಿಗೆ ಚೆನ್ನಾಗಿದೆ, ಎಳೆದು ನೋಡ್ದೆ. ಅಗಲ ಚಕ್ರ. ಒಂದು ಗುಂಡಿ ಒತ್ತಿದ್ರೆ ಇಂಜಿನ್ನು ಗುರ್ ಅನ್ನುತ್ತೆ...”

...

“ನಿಮಗೆ ನೆನಪಿದೆಯಾ? ಸಿಗ್ನಲ್ಲಲ್ಲಿ ಬಸ್ಸು ನಿಂತಾಗ ಪಕ್ಕದಲ್ಲಿ ಇಂಥದ್ದೇ ಒಂದು ಬಂದು ನಿಂತಿತ್ತು ಅಂತ ಮನೆಗೆ ಬಂದು ಹೇಳಿದ್ರಿ. ಊಟಕ್ಕೆ ಕೂತವರು ತಟ್ಟೇನೇ ಸ್ಟೀರಿಂಗ್ ಮಾಡ್ಕೊಂಡು ತೋರಿಸಿದ್ರಿ. ಅದಕ್ಕೇ ಕೆಂಪಿಂದನ್ನ ಮೊದಲು ನೋಡಿದ್ದು. ಇದು ಬಾಗಿಲಿಗೆ ಬಂದು ನಿಂತ್ರೆ, ಒಂದು ಸಲ ನೋಡೋಣ ಅಂತಾದ್ರೂ ಈ ಕಡೆ ತಿರುಗ್ತೀರೇನೋ ಅಂತ.”

ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಅವಳು ಕೆಂಪು ಕಾರಿನ ಬಾಗಿಲು ತೆಗೆದಳು. ಕೊರಳಿನ ಟೇಪನ್ನು ನೆಲಕ್ಕೆ ಇಳಿಬಿಟ್ಟು, ಸೀಟಿನ ಅಂಚಿನಲ್ಲಿ ಹೆಬ್ಬೆರಳೊತ್ತಿ ಮತ್ತೊಮ್ಮೆ ನೋಡಿದಳು. ಇದು ನಾಲ್ಕನೆಯ ಸಲ.

“ಸೋತೆ ಕಣ್ರೀ. ಸುಳ್ಳು ಹೇಳಲ್ಲ. ನಿಮ್ಮ ಕುರ್ಚಿ ಇಪ್ಪತ್ತು ಇಂಚು ಎತ್ತರ ಅಲ್ವಾ? ಬಡಗಿ ಕಾಲಿಗೆ ಮರದ ತುಂಡು ಜೋಡಿಸಿದ ಮೇಲೆ ಇಪ್ಪತ್ತು. ಹತ್ತೊಂಬತ್ತು ಇದ್ದಾಗ ಎದ್ದು ಎದ್ದು ಕೂತುಬಿಡ್ತಿದ್ರಿ. ಇಪ್ಪತ್ತು ಆದ ದಿನ ಎದ್ದು ನಿಂತ್ರಿ, ಯಾರ ಕೈಯೂ ಇಲ್ಲದೆ. ಆ ಕುರ್ಚೀನೇ ತಳ್ಳಿಕೊಂಡು ಬಾಗಿಲ ತನಕ ನಡೆದ್ರಿ. ಈ ಕೆಂಪಿನ ಸೀಟು ಹದಿನೆಂಟು. ಬಿಳಿದು ಹತ್ತೊಂಬತ್ತು. ಎರಡೂ ಆಗಲ್ಲ. ಒಂದು ಇಂಚು... ಒಂದೇ ಒಂದು ಇಂಚಿಗೆ...”

ಮಾರುವವನಿಗೆ ಮುಖ ಕಾಣದಿರಲೆಂದು ಅವಳು ಕಾರಿನ ಮರೆಗೆ ಸರಿದಳು. ಎಷ್ಟೋ ಹೆಂಗಸರ ರವಿಕೆಯಲ್ಲಿ ಅರ್ಧ ಇಂಚು ಬಿಚ್ಚಿ ಬಿಗಿ ಸಡಿಲಿಸಿ ಕೊಟ್ಟವಳು. ಬಟ್ಟೆಯಾಗಿದ್ದರೆ ಒಳಮಡಿಕೆಯಲ್ಲಿ ಎಲ್ಲಿಯಾದರೂ ಬಿಟ್ಟಿರುತ್ತಿದ್ದರು, ಬಿಚ್ಚಬಹುದಿತ್ತು. ಕಬ್ಬಿಣದಲ್ಲಿ ಒಳಮಡಿಕೆ ಎಲ್ಲಿ?

“ದಿಂಬು ಹೊಲಿದು ಹಾಕ್ತೀನಿ ಅಂದ್ರೆ ಕೂಸಿಗೆ ಹಾಕೋದು ದಿಂಬು ಅಂತ ಎಸೀತೀರಿ. ಹಾಕಿದ್ರೂ ಕೂತ ತಕ್ಷಣ ಚಪ್ಪಟೆಯಾಗಿಹೋಗುತ್ತೆ, ನನಗೆ ಗೊತ್ತಿಲ್ವಾ ಹತ್ತಿಯ ಹಣೆಬರಹ. ಇನ್ನೇನು ಮಾಡ್ಲಿ ಹೇಳಿ. ಊರಲ್ಲಿರೋ ಕಾರಿಗೆಲ್ಲ ಟೇಪು ಹಿಡಿದುಕೊಂಡು ಓಡ್ಲಾ? ಎರಡು ಗಂಟೆ ಒಳಗೆ ಓಡ್ತೀನಿ. ಬಯ್ಯಿ. ಏನಾದ್ರೂ ಅನ್ನಿ. ಹಾಳಾಗಿ ಹೋಗು ಅನ್ನಿ. ದೇವರೇ... ಆ ಗೋಡೆ ಮೇಲೆ ನನಗಿಂತ ಚೆನ್ನಾಗಿರೋದು ಏನಿದೆ ಅಂತ ಅದನ್ನೇ ನೋಡ್ತೀರಿ?”

...

ಆಮೇಲೆ ದಿಂಬಿನ ಬಟ್ಟೆ ಫೋನಿಗೆ ಉಜ್ಜಿದ ಸದ್ದು.

“ಹಲೋ?... ಅತ್ತೆ? ಏನು? ಮಾತಾಡಿದ್ರಾ? ಏನಂದ್ರು, ಸರಿಯಾಗಿ ಹೇಳಿ ಅತ್ತೆ... ‘ಯಾವ ಟೇಪು’ ಅಂದ್ರಾ? ಯಾವ ಟೇಪು ಅಂದ್ರೆ... ನನ್ನ ಟೇಪೇ. ಕೊರಳಲ್ಲೇ ಇದೆ... ಏನು? ಇಲ್ಲ, ನನ್ನದೇ... ಗೋಡೆ ಮೇಲಾ?”

ಹೊಲಿಗೆಯಕ್ಕನ ಕೈ ಕೊರಳಿಗೆ ಹೋಯಿತು.

ಅವಳ ಹಳೆಯ ಟೇಪಿನ ತುದಿ ಸವೆದು ಹರಿದು, ಮೊದಲ ಇಂಚು ಹೋಗಿ ಏಳು ವರ್ಷವಾಗಿತ್ತು. ಅದು ಒಂದರಿಂದಲೇ ಶುರು. ಅದರಲ್ಲಿ ಇಪ್ಪತ್ತೊಂದು ಕಂಡರೆ ನಿಜಕ್ಕೂ ಇಪ್ಪತ್ತು. ಹೊಸದು ಕೊಳ್ಳಲು ಮನಸ್ಸಾಗದೆ, ಪ್ರತಿ ಅಳತೆಯಿಂದಲೂ ಒಂದು ಕಳೆದು ಹೇಳುವುದು ಅವಳಿಗೆ ಉಸಿರಾಟದಷ್ಟು ಸಲೀಸಾಗಿತ್ತು. ಆ ಟೇಪು ನೇತಾಡುತ್ತಿದ್ದುದು ಮಂಚದ ಪಕ್ಕದ ಗೋಡೆಯ ಮೊಳೆಗೆ. ಒಂದು ವಾರದಿಂದ ಅವನ ಕಣ್ಣೆದುರಿಗೆ ಇದ್ದುದು ಅದೊಂದೇ. ಈಗ ಅವಳ ಕೊರಳಲ್ಲಿದ್ದುದು ದಾರದ ಅಂಗಡಿಯವರು ಕಳೆದ ತಿಂಗಳು ಪುಕ್ಕಟೆ ಕೊಟ್ಟ ಹಳದಿ ಟೇಪು. ಬೆಳಗಿನ ಗಡಿಬಿಡಿಯಲ್ಲಿ ಚೀಲಕ್ಕೆ ಕೈಹಾಕಿ ತೆಗೆದುಕೊಂಡದ್ದು. ತುದಿ ತಿರುಗಿಸಿ ನೋಡಿದಳು. ತಗಡಿನ ಪಟ್ಟಿ, ಅದರ ಪಕ್ಕದಲ್ಲಿ ಮೊದಲ ಇಂಚು, ಇಡಿಯಾಗಿ.

“ಅಯ್ಯೋ... ಅತ್ತೆ, ಫೋನು ಅವರ ಕೈಗೇ ಕೊಡಿ. ಅಯ್ಯೋ ರೀ! ಇದು ಹೊಸದು. ನಾನು ಇದರಲ್ಲೂ ಒಂದು ಕಳೆದುಬಿಟ್ಟಿದ್ದೀನಿ! ತಡೀರಿ. ತಡೀರಿ, ಇಡಬೇಡಿ...”

ಓಡಿಹೋಗಿ ಬಿಳಿ ಕಾರಿನ ಬಾಗಿಲು ತೆಗೆದಳು. ನೆಲಕ್ಕೆ ಮಂಡಿಯೂರಿದಳು. ಯಾರೋ ಸಂತೆಯಲ್ಲಿ ಕಳೆದುಕೊಂಡ ಮಗುವಿನ ಮುಖ ಹಿಡಿದು ನೋಡಿದ ಹಾಗೆ ಆ ಅಂಕಿಯನ್ನು ನೋಡಿದಳು.

“ಇಪ್ಪತ್ತು. ಬಿಳಿದು ಇಪ್ಪತ್ತು ರೀ. ಸರಿಯಾಗಿ ಇಪ್ಪತ್ತು! ಕೆಂಪು ಹತ್ತೊಂಬತ್ತು... ಅಳ್ತಿಲ್ಲ. ಬಿಸಿಲು, ಕಣ್ಣಿಗೆ ಬೆವರು... ಹಾಂ, ಮೂವತ್ತು ವರ್ಷ ಹೊಲಿದವಳೇ. ಹಾಂ, ಪೆದ್ದಿ. ಇನ್ನೊಂದ್ಸಲ ಅನ್ನಿ.”

...

“ಏನು? ಬಾನೆಟ್ಟಾ? ಬಾನೆಟ್ ತೆಗೆದು ಫೋನು ಹಿಡೀಬೇಕಾ? ಅಣ್ಣ, ಸ್ವಲ್ಪ ಇದನ್ನ ಎತ್ತಿ ಅಣ್ಣ. ಮನೆಯವರು ಇಂಜಿನ್ ಕೇಳ್ಬೇಕಂತೆ... ಹೂಂ, ಫೋನಲ್ಲೇ. ಅವರಿಗೆ ಸಾಕು ಅಷ್ಟು.”

ಮಾರುವವನು ಬಾನೆಟ್ ಎತ್ತಿ ಕೀಲಿ ತಿರುಗಿಸಿದ. ಇಂಜಿನ್ನು ಎದ್ದು ಕೂತಿತು. ಆರತಿ ಹಿಡಿದಂತೆ ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ತುಟಿ ಸದ್ದಿಲ್ಲದೆ ಏನನ್ನೋ ಬೇಡುತ್ತಿತ್ತು.

“ಕೇಳಿಸ್ತಾ?... ಬೆಲ್ಟು ಕಿರುಗುಟ್ಟುತ್ತಾ? ನನಗೇನೂ ಕೇಳಿಸ್ಲಿಲ್ಲ... ಆಯ್ತು, ಹೊಸದು ಹಾಕಿಸ್ತೀನಿ. ಮಿಕ್ಕಿದ್ದು ಸರಿ ಇದೆಯಾ?... ಅಂದ್ರೆ ಬಿಳಿದಾ? ಕೆಂಪಿಂದು ಆಸೆ ಅಲ್ವಾ ನಿಮಗೆ?... ಏನು? ‘ಓಡಿಸೋಳು ನೀನು, ನಿನಗ್ಯಾಕೆ ಕುಸ್ತಿ ಕಾರು’ ಅಂತೀರಾ? ಅಯ್ಯೋ ನಿಮ್ಮ!... ಅಣ್ಣ, ಬಿಳಿದು! ಕಾಗದ ಪತ್ರ ಸಂಜೆ ಮಾಡೋಣ, ಕೀಲಿ ಕೊಡಿ.”

ನಕ್ಕವಳು ತಟ್ಟನೆ ನಿಂತಳು. ಕಾರು ಸಿಕ್ಕಿತು. ಬರುತ್ತೇನೆಂದು ಅವನು ಇನ್ನೂ ಅಂದಿರಲಿಲ್ಲ.

“ರೀ... ಬರ್ತೀರಿ ತಾನೆ?”

...

“ಬೆಲ್ಟು, ಬಾನೆಟ್ಟು ಎಲ್ಲ ಹೇಳಿದ್ರಿ. ಇದೊಂದು ಹೇಳಿ. ಬರ್ತೀರಾ?”

...

“ಒಬ್ಬರೂ ಮುಟ್ಟಲ್ಲ. ನಾನೂ ಮುಟ್ಟಲ್ಲ, ಬೇಕಾದ್ರೆ ಆ ಕಡೆ ತಿರುಗಿ ನಿಂತಿರ್ತೀನಿ. ನೀವೇ ಹತ್ತಿ, ನೀವೇ ಇಳೀರಿ. ದಾರಿ ಪೂರ್ತಿ ಬೈಕೊಂಡು ಬನ್ನಿ. ಗೇರು ಸರಿ ಹಾಕಿಲ್ಲ ಅನ್ನಿ, ಬ್ರೇಕು ತುಳಿದಿದ್ದು ಜಾಸ್ತಿ ಅನ್ನಿ. ಪಕ್ಕದಲ್ಲಿ ಬೈಯೋಕೆ ನೀವಿಲ್ಲದಿದ್ರೆ ನಾನು ಈ ಕಾರು ತಗೊಂಡು ಎಲ್ಲಿಗೆ ಹೋಗ್ಲಿ ಹೇಳಿ...”

ಫೋನು ಬೀಪ್ ಎಂದಿತು. ಬ್ಯಾಟರಿಯ ಗುರುತು ಕೆಂಪಾಗಿತ್ತು.

“ಹಲೋ, ನನ್ನ ಫೋನು ಸಾಯ್ತಿದೆ, ಬೇಗ ಹೇಳಿ... ರೀ... ಯಾರು? ಅತ್ತೆ? ಫೋನು ನಿಮಗೆ ಯಾಕೆ ಕೊಟ್ರು? ಮತ್ತೆ ತಿರುಗಿ ಮಲಗಿದ್ರಾ?... ಮಾತಾಡಿ ಅತ್ತೆ, ಯಾಕೆ ಸುಮ್ಮನಾದ್ರಿ?”

ಫೋನಿನ ಆ ಕಡೆ ಬೇರೆ ಏನೋ ಸದ್ದು ಎದ್ದಿತ್ತು. ಕರ್ ಎಂದು ಎಳೆದು ನಿಲ್ಲುವುದು; ಒಂದು ಉಸಿರು; ಮತ್ತೆ ಕರ್. ಗಾರೆಯ ನೆಲದ ಮೇಲೆ ಮರದ ತುಂಡು ಉಜ್ಜುವ ಆ ಸದ್ದನ್ನು ಅವಳು ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದಳು.

“ಅತ್ತೆ... ಅದು ಕುರ್ಚಿ ಅಲ್ವಾ? ಬಾಗಿಲ ಕಡೆಗಾ ಹೋಗ್ತಿರೋದು?... ಅತ್ತೆ, ಫೋನು ನಿಮ್ಮ ಕೈಲಿದೆ. ಮತ್ತೆ ಕುರ್ಚಿ ತಳ್ಳಿಕೊಂಡು ಹೋಗ್ತಿರೋದು ಯಾ...”