ಒತ್ತು, ಬಿಡು

ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ಮಧ್ಯದಲ್ಲಿ ಯಾರಾದರೂ ಕಿಸಕ್ ಅಂದರೆ ನಾನು ಅಲ್ಲಿಗೇ ನಿಲ್ಲಿಸಿ ಮಲಗೋಕೆ ಹೋಗ್ತೀನಿ. ಇದು ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು. ಅವನು ಕಾರಿನ ವೈರಿಂಗ್ ಕೆಲಸದವನು. ಎಲ್ಲರೂ ಫ್ಯೂಸ್ ಅಂತಲೇ ಕರೆಯೋದು. ಕೆಲಸದಿಂದ ಬಂದ ಹೆಸರು ಅಂದ್ಕೋಬೇಡಿ, ಸಿಟ್ಟಿನಿಂದ ಬಂದದ್ದು. ಯಾರಾದರೂ ಒಂದು ಮಾತು ಜಾಸ್ತಿ ಆಡಿದರೆ ಸಾಕು, ಹಾರಿಹೋಗ್ತಿದ್ದ.

ಅವತ್ತು ಅವನು ಅಂಗಡಿ ಬಾಗಿಲು ಎಳೆದು ಹೊರಟಾಗ ಬೀದಿಯಲ್ಲಿ ಜನ ಇರಲಿಲ್ಲ. ಕೈಯಲ್ಲಿ ಸಾಮಾನಿನ ಚೀಲ. ಅವನ ಅಕ್ಕನ ಮನೆಗೆ ಹಳೇ ಬಾವಿ ಪಕ್ಕದ ಓಣಿಯೇ ಹತ್ತಿರ. ಬಾವಿಗೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಗಾಳಿ ಬಂದಾಗ ಅದು... ಟಿಂಯ್... ಅಂತ ಸಣ್ಣಗೆ ಅದುರುತ್ತೆ. ಅಲ್ಲಿ ಎಲ್ಲರ ಹೆಜ್ಜೆಯೂ ಜೋರಾಗುತ್ತೆ. ಫ್ಯೂಸ್‌ಗೆ ಅದು ಕೇಳಿಸಲೇ ಇಲ್ಲ. ಅವನ ತಲೆ ತುಂಬ ಭಾವನೇ ಇದ್ದ.

ಭಾವ ಸತ್ತು ಮೂರು ತಿಂಗಳಾಗಿತ್ತು. ಅವನ ಬಗ್ಗೆ ಒಂದು ಒಳ್ಳೆ ಮಾತು ಹೇಳೋಣ ಅಂದರೆ ನನಗೂ ನೆನಪಾಗಲ್ಲ. ಸಂಜೆ ಕಾರು ತಂದು ಗೇಟಿನ ಮುಂದೆ ನಿಲ್ಲಿಸಿ ಒಂದು ಹಾರ್ನ್ ಹೊಡೀತಿದ್ದ. ಇಳಿದು ಗೇಟು ತೆಗೆದರೆ ಮರ್ಯಾದೆ ಹೋಗುತ್ತಲ್ಲ. ಎರಡನೇ ಹಾರ್ನ್‌ಗೆ ಮೊದಲು ಅಕ್ಕ ಓಡಿಬಂದು ಗೇಟು ತೆರೆದು ನಿಂತಿರಬೇಕು. ತಡವಾದರೆ ಅವತ್ತು ತಟ್ಟೆ ಗೋಡೆಗೆ. ಕೆಲವು ದಿನ ಕೈ ಅಕ್ಕನ ಮೇಲೆ. ಮನೆಯಲ್ಲೇ ಬಟ್ಟೆ ಹೊಲಿದು ಸಂಸಾರಕ್ಕೆ ಹಾಕಿದವಳು ಅವಳು. ಫ್ಯೂಸ್ ಒಮ್ಮೆ ಇದನ್ನ ಕೇಳೋಕೆ ಹೋಗಿ, ಮಾತಿಗೆ ಮಾತು ಬೆಳೆದು, ಆಮೇಲೆ ಆ ಮನೆ ಹೊಸಲು ತುಳಿದಿರಲಿಲ್ಲ.

ಭಾವ ಸತ್ತದ್ದೂ ಆ ಗೇಟಿನ ಮುಂದೆಯೇ. ಕಾರಿನಲ್ಲಿ ಕೂತಲ್ಲೇ ಎದೆನೋವು ಬಂದಿತ್ತು. ಸ್ಟೇರಿಂಗ್ ಮೇಲೆ ಬಗ್ಗಿ ಬಿದ್ದಿದ್ದ. ಹೆಬ್ಬೆರಳು ಹಾರ್ನ್ ಗುಂಡಿ ಮೇಲೇ ಇತ್ತು. ಹಾರ್ನ್ ಕೆಟ್ಟಿತ್ತು ಪಾಪ, ಎಷ್ಟು ಒತ್ತಿದನೋ ಏನೋ, ಯಾರಿಗೂ ಕೇಳಿಸಲಿಲ್ಲ ಅಂತ ಬೀದಿಯವರು ಮರುಗಿದರು. ಹಣೆಬರಹ ಅಂದರು. ಅಲ್ಲಿಗೆ ಮುಗೀತು.

ಈಗ ಕಾರಿಗೆ ಫ್ಯೂಸ್ ಕಡೆಯಿಂದ ಗಿರಾಕಿ ಸಿಕ್ಕಿದ್ದ. ಬೆಳಿಗ್ಗೆ ತನ್ನ ಮೆಕ್ಯಾನಿಕ್ಕನ್ನ ಕರ್ಕೊಂಡು ಬಂದು, ಹಾರ್ನ್ ಯಾಕೆ ಕೆಟ್ಟಿದೆ ಅಂತ ಬಿಚ್ಚಿ ನೋಡಿಸಿಯೇ ತಗೊಳ್ಳೋದು ಅಂದಿದ್ದನಂತೆ. ಅದನ್ನ ಮೊದಲೇ ಸರಿಮಾಡಿಡೋಕೆ ಫ್ಯೂಸ್ ರಾತ್ರಿಯೇ ಹೊರಟದ್ದು. ಆ ಕಾರು ಮನೆ ಬಿಟ್ಟು ಹೋದರೆ ಅಕ್ಕನಿಗೆ ಭಾವನ ಕಾಟ ಪೂರ್ತಿ ತಪ್ಪಿತು ಅಂತ ಅವನು ನಂಬಿದ್ದ.

ವಿಷಯ ಕೇಳಿ ಅಕ್ಕನ ಮುಖ ಸಣ್ಣದಾಯ್ತು. ಬೇಡ, ಕೆಟ್ಟಿದ್ದು ಕೆಟ್ಟೇ ಇರಲಿ, ಗಿರಾಕಿ ಬೇಡ ಅಂದರೆ ಗುಜರಿಗೆ ಹಾಕೋಣ ಅಂದಳು. ಫ್ಯೂಸ್ ಯಾರ ಮಾತು ಕೇಳಿದ್ದಾನೆ? ಅಂಗಳದಲ್ಲಿ ನಿಂತಿದ್ದ ಕಾರಿನ ಹತ್ತಿರ ಹೋಗಿ ಆಗಲೇ ಬಾನೆಟ್ ಎತ್ತಿಯಾಗಿತ್ತು. ಅವಳು ಕೀ ಅವನ ಕೈಗಿಟ್ಟು ಒಳಗೆ ಹೋದಳು.

ಹಾರ್ನ್ ನೋಡೋದು ಇಬ್ಬರ ಕೆಲಸ. ಒಬ್ಬ ಸೀಟಲ್ಲಿ ಕೂತು ಗುಂಡಿ ಒತ್ತಬೇಕು, ಇನ್ನೊಬ್ಬ ಮುಂದೆ ಬಗ್ಗಿ ಕರೆಂಟ್ ಎಲ್ಲಿವರೆಗೆ ಬರ್ತಿದೆ ಅಂತ ಹುಡುಕಬೇಕು. ಬಾನೆಟ್ ಎತ್ತಿದ ಮೇಲೆ ಇವರ ಮುಖ ಅವರಿಗೆ ಕಾಣಲ್ಲ. ಬರೀ ಮಾತಿನ ಮೇಲೆ ನಡೆಯೋ ಕೆಲಸ. ಒತ್ತು... ಬಿಡು... ಒತ್ತು... ಬಿಡು. ಫ್ಯೂಸ್ ಕಿಟಕಿ ಕಡೆ ತಿರುಗಿ, ಅಕ್ಕ, ಒಂದು ನಿಮಿಷ ಬಂದು ಒತ್ತು ಅಂತ ಕೂಗಿ, ತಲೆ ಒಳಗೆ ತೂರಿಸಿದ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕಾರಿನ ಬಾಗಿಲು... ಕಟಕ್. ಸೀಟಿನ ಸ್ಪ್ರಿಂಗು... ಕುಂಯ್ಯ್. ಯಾರೋ ಭಾರವಾಗಿ ಕೂತ ಸದ್ದು.

"ಒತ್ತು" ಅಂದ ಫ್ಯೂಸ್. ಹಾರ್ನ್‌ಗೆ ಕರೆಂಟ್ ಬಿಡೋ ರಿಲೇ ಟಿಕ್ ಅಂತು. ಅವನ ಕೈಯಲ್ಲಿದ್ದ ಟೆಸ್ಟ್ ಬಲ್ಬ್ ಹತ್ತಿತು. "ಬಿಡು" ಅಂದ. ಆರಿತು. ಕಾರಿನ ಫ್ಯೂಸ್ ಚೆನ್ನಾಗಿದೆ, ರಿಲೇ ಚೆನ್ನಾಗಿದೆ, ಗುಂಡಿ ಚೆನ್ನಾಗಿದೆ. ಹಾಗಾದರೆ ಹಾರ್ನ್‌ಗೆ ಹೋಗೋ ವೈರಿನಲ್ಲೇ ಏನೋ ಇದೆ. ಬೆರಳಲ್ಲೇ ಆ ವೈರ್ ಹಿಡಿದು ಕೆಳಗಿಳಿದ. ಒತ್ತು. ಹತ್ತಿತು. ಬಿಡು. ಆರಿತು. ಇನ್ನೂ ಕೆಳಗೆ, ರೇಡಿಯೇಟರ್ ಸಂದಿಯಲ್ಲಿ, ವೈರ್ ಇದ್ದಕ್ಕಿದ್ದ ಹಾಗೆ ಮುಗಿದುಹೋಯ್ತು.

ಸವೆದದ್ದಲ್ಲ. ಸುಟ್ಟದ್ದಲ್ಲ. ಕತ್ತರಿಸಿದ್ದು. ತುದಿಗೆ ಗಾಯಕ್ಕೆ ಹಾಕೋ ಪಟ್ಟಿ ಸುತ್ತಿತ್ತು. ಟಾರ್ಚ್ ಬಿಟ್ಟು ನೋಡಿದರೆ ಆ ಪಟ್ಟಿಯ ಅಂಚು ಹಲ್ಲು ಹಲ್ಲಾಗಿತ್ತು. ಬಟ್ಟೆಯ ನೂಲು ಬಿಚ್ಚದಿರಲಿ ಅಂತ ಅಂಚು ಹಾಗೆ ಕತ್ತರಿಸೋ ಕತ್ತರಿ ದರ್ಜಿಗಳ ಹತ್ತಿರ ಮಾತ್ರ ಇರುತ್ತೆ. ಬೆಳಿಗ್ಗೆ ಬೇರೆ ಮೆಕ್ಯಾನಿಕ್ ಇದನ್ನ ನೋಡಿದರೆ ಏನಾಗುತ್ತೆ ಅಂತ ಫ್ಯೂಸ್‌ಗೆ ತಕ್ಷಣ ಹೊಳೀತು. ಗಂಡ ಕರೆಯೋದು ಕೇಳಿಸದಂತೆ ಹೆಂಡತಿಯೇ ಮಾಡಿಟ್ಟಳು ಅಂತ ಸಂಜೆಯೊಳಗೆ ಬೀದಿಯೆಲ್ಲ ಸುದ್ದಿ.

"ಅಕ್ಕ..." ಪಿಸುಗುಟ್ಟಿದ. "ನೀನಾ?"

ಟೆಸ್ಟ್ ಬಲ್ಬ್ ಹತ್ತಿಕೊಂಡಿತು. ಇವನು ಒತ್ತು ಅಂದಿರಲಿಲ್ಲ.

"ಬಿಡು."

ಆರಲಿಲ್ಲ.

"ಬಿಡು ಅಕ್ಕ."

"ಬಿಡಲ್ಲ."

ಗಂಡಸಿನ ದನಿ. ಒಣಗಿದ ಗಂಟಲು. ಬಾನೆಟ್ಟಿನ ಆ ಕಡೆಯಿಂದ, ಒಂದು ಮೊಳ ದೂರದಿಂದ. ಆಗ ಫ್ಯೂಸ್‌ಗೆ ಇನ್ನೊಂದು ಸದ್ದು ತಲೆಗೆ ಹೋಯ್ತು... ಟಕಟಕಟಕಟಕ. ಮನೆಯೊಳಗೆ ಅಕ್ಕನ ಹೊಲಿಗೆ ಮಿಶಿನ್. ಅದು ಆಗಿನಿಂದಲೂ ನಡೀತಿತ್ತು. ಅಕ್ಕ ಹೊರಗೆ ಬಂದೇ ಇರಲಿಲ್ಲ.

ಓಡಿಹೋಗಬೇಕು ಅನ್ನಿಸಿತು, ಕಾಲು ಏಳಲಿಲ್ಲ. ಆ ದನಿ ಮತ್ತೆ ಬಂತು, ಉಸಿರು ಎಳೆದು ಎಳೆದು.

"ಜೋಡಿಸು... ಅವಳು ಬರಬೇಕು."

ಅಷ್ಟೇ ನೋಡಿ. ಹೆದರಿಕೆ ಹೋಗಿ ಸಿಟ್ಟು ಬಂತು. ಸತ್ತ ಮೇಲೂ ಅದೇ ದರ್ಬಾರು. ಜಗಳದ ದಿನವೂ ಭಾವನಿಗೆ ನೀವು ಅಂತಲೇ ಮಾತಾಡಿದ್ದವನು ಅವನು. ಅವತ್ತು ಮೊದಲ ಸಲ ನೀನು ಅಂದ.

"ನೀನು ಬಿಡದಿದ್ರೆ ನಾನೂ ಬಿಡಲ್ಲ" ಅಂದ.

ಪಟ್ಟಿ ಕಿತ್ತು ಜೇಬಿಗೆ ತುರುಕಿದ. ಇಕ್ಕಳ ತಗೊಂಡು ವೈರಿನ ತುದಿಯನ್ನ ಕಚ್ಚಿ ಕಚ್ಚಿ ಇಲಿ ಕಡಿದ ಹಾಗೆ ಮಾಡಿಬಿಟ್ಟ. ಬೆನ್ನಿನಲ್ಲಿ ಬೆವರು ಇಳೀತಿತ್ತು. ಸೀಟಿನ ಸ್ಪ್ರಿಂಗು ಕುಂಯ್ಯ್ ಕುಂಯ್ಯ್ ಅಂತಿತ್ತು, ಯಾರೋ ಕೂತಲ್ಲೇ ಹೊರಳಾಡಿದ ಹಾಗೆ. ಕೊನೆಗೆ ಬ್ಯಾಟರಿಯ ವೈರನ್ನೇ ಎಳೆದು ಹಾಕಿದ. ಟೆಸ್ಟ್ ಬಲ್ಬ್ ಪಕ್ ಅಂತ ಆರಿತು. ಸ್ಪ್ರಿಂಗಿನ ಸದ್ದೂ ನಿಂತಿತು.

ಬಾನೆಟ್ ಪಕ್ಕದಿಂದ ಮೆಲ್ಲಗೆ ಇಣುಕಿ ನೋಡಿದ. ಬಾಗಿಲು ತೆರೆದಿತ್ತು. ಸೀಟಲ್ಲಿ ಯಾರೂ ಇಲ್ಲ. ಸ್ಟೇರಿಂಗ್ ನಡುವಿನ ಗುಂಡಿ ಮಾತ್ರ ಒಳಕ್ಕೆ ಹೋಗಿತ್ತು, ಬೆರಳಿಟ್ಟು ಒತ್ತಿ ಹಿಡಿದ ಹಾಗೆ.

ಅಷ್ಟರಲ್ಲಿ ಮಿಶಿನ್ ನಿಂತು ಅಕ್ಕ ಮೆಟ್ಟಿಲಿಗೆ ಬಂದಳು. ಏನಾಗಿತ್ತು ಅಂತ ಕೇಳಿದಳು.

"ಇಲಿ" ಅಂದ ಫ್ಯೂಸ್. "ವೈರ್ ಕಡಿದಿದೆ."

ಅಕ್ಕ ಅವನ ಮುಖವನ್ನೇ ನೋಡಿದಳು. ಅವನು ಕಣ್ಣು ತಪ್ಪಿಸಲಿಲ್ಲ. ಅವನಿಗೆ ಗೊತ್ತಾಗಿದೆ ಅನ್ನೋದು ಅವಳಿಗೆ ಗೊತ್ತಾಯ್ತು. ಅವಳ ಕಣ್ಣು ತುಂಬಿತು. ಆ ಘಳಿಗೆಯಲ್ಲಿ ಅಕ್ಕನ ಮೇಲೆ ಅವನಿಗೆ ಎಷ್ಟು ಪ್ರೀತಿ ಬಂತು ಅಂದರೆ, ಅದನ್ನ ಹೇಳುವಾಗ ಈಗಲೂ ಅವನು ಮುಖ ಆ ಕಡೆ ತಿರುಗಿಸ್ತಾನೆ.

ಆದರೆ ಅವಳು ಇದ್ದಕ್ಕಿದ್ದ ಹಾಗೆ ಎರಡೂ ಕಿವಿ ಮುಚ್ಚಿಕೊಂಡಳು.

"ನಿಲ್ಲಿಸೋ ಅದನ್ನ" ಅಂದಳು.

ಏನು ನಿಲ್ಲಿಸಬೇಕು? ಅಂಗಳದಲ್ಲಿ ಒಂದು ಎಲೆಯ ಸದ್ದೂ ಇರಲಿಲ್ಲ. ಬ್ಯಾಟರಿ ವೈರ್ ಅವನ ಕೈಯಲ್ಲೇ ಇತ್ತು.

"ನಿಂಗೆ ಕೇಳಿಸ್ತಾ ಇಲ್ವಾ?"

ಇಲ್ಲ ಅಂತ ತಲೆ ಆಡಿಸಿದ. ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತಳು. ಆಮೇಲೆ ಪಿಸುಮಾತಿನಲ್ಲಿ ಹೇಳಿದಳು.

"ಅವರು ಹೋದ ದಿನ ಬೆಳಿಗ್ಗೆ ನಾನೇ ಕತ್ತರಿಸಿದ್ದು ಕಣೋ. ಒಂದು ಸಂಜೆಯಾದ್ರೂ ಆ ಹಾರ್ನ್ ಕೇಳಿಸದೇ ಇರಲಿ ಅಂತ. ಬೀದೀಲಿ ಯಾರಿಗೂ ಕೇಳಿಸಲಿಲ್ಲ. ನಂಗೆ ಕೇಳಿಸ್ತು... ಬಿಡದೇ ಹೊಡೀತಿದ್ರು. ಮಿಶಿನ್ ಜೋರಾಗಿ ತುಳಿದುಬಿಟ್ಟೆ. ನಿಲ್ಲೋವರೆಗೂ ತುಳಿದೆ."

ಫ್ಯೂಸ್ ಅವಳ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡ. ಬಹಳ ಹೊತ್ತಾದ ಮೇಲೆ, ಹಾರ್ನ್ ನಿಂತುಹೋಯ್ತು ಅಂದಳು. ಬೆಳಿಗ್ಗೆ ಗಿರಾಕಿಯ ಮೆಕ್ಯಾನಿಕ್ ಬಂದ, ಬಗ್ಗಿ ನೋಡಿದ, ಇಲಿ ಕಡಿದಿದೆ ಸ್ವಾಮಿ ಅಂದ. ಕಾರು ಹೋಯ್ತು. ಈಗ ಅದು ಯಾವ ಊರಲ್ಲಿದೆಯೋ ನಮಗೆ ಯಾರಿಗೂ ಗೊತ್ತಿಲ್ಲ.

ಬ್ಯಾಟರಿ ಹಳೇದಿರಬೇಕು, ಇವನಿಗೆ ನಿದ್ದೆಗಣ್ಣಿರಬೇಕು ಅಂತ ನನ್ನ ಮುಂದೆ ವಾದ ಮಾಡೋಕೆ ಬರಬೇಡಿ. ಹೋದ ವಾರ ನಾನೇ ಅಕ್ಕನ ಮನೆಗೆ ಹೋಗಿದ್ದೆ. ಸಂಜೆ, ದೀಪ ಹಾಕೋ ಹೊತ್ತು. ಮಕ್ಕಳ ವಿಷಯ, ಮದುವೆ ವಿಷಯ, ಏನೇನೋ ಮಾತಾಡಿಕೊಂಡು ನಗ್ತಾ ಕೂತಿದ್ವಿ. ಅಕ್ಕ ಮಾತು ಅರ್ಧಕ್ಕೇ ಬಿಟ್ಟು ಎದ್ದು ಒಳಗೆ ಹೋದಳು. ಮಿಶಿನ್ ಶುರುವಾಯ್ತು, ಮನೆ ಅದುರೋ ಹಾಗೆ. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಬಾಗಿಲಲ್ಲಿ ನಿಂತು ನೋಡಿದೆ. ಯಾರೋ ಹೇಳಿದ್ದಲ್ಲ, ಈ ಕಣ್ಣಿಂದಲೇ ನೋಡಿದ್ದು. ಸೂಜಿ ಕೆಳಗೆ ಬಟ್ಟೆ ಇರಲಿಲ್ಲ.