ರಕ್ತ ಕೊಟ್ಟ ಮೇಲೆ ಮದುವೆ ಮಾತು

ತಂಗಿ ತೀರಿಕೊಂಡ ಸುದ್ದಿ ತಿಳಿದ ಬೆಳಿಗ್ಗೆ, ಮುನಿಶಾಮಪ್ಪನವರು ಅವಳ ಊರಾದ ನಲ್ಲೂರಿಗೆ ಹೋಗಲು ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಕುಳಿತಿದ್ದರು. ಅದೇ ಬೆಂಚಿನಲ್ಲಿ ನಡುವಯಸ್ಸಿನ ಅಕ್ಕ ತಮ್ಮ ಇಬ್ಬರು ಮಾತಾಡುತ್ತಿದ್ದರು. ಬೇಡವೆಂದರೂ ಮಾತು ಕಿವಿಗೆ ಬಿತ್ತು.

“ನನ್ ಮಗಳು ಸಿಂಧೂನ ನಿನ್ ಮಗನಿಗೆ ಕೊಡೋಕ್ ಮುಂಚೆ ನೀನೂ ರಕ್ತ ಟೆಸ್ಟ್ ಮಾಡಿಸ್ಬಿಡು, ಕಾಂತ.”

“ಹೆಣ್ಣು ಕೇಳೋಕ್ ಬಂದ್ರೆ ರಕ್ತ ಕೇಳ್ತೀಯಲ್ಲಕ್ಕ! ಸೊಳ್ಳೆ ಆಗ್ಬಿಟ್ಯಾ?”

“ತಮಾಷೆ ಬೇಡ ಕಣೋ. ಅಮ್ಮ ಯಾವತ್ತಾದ್ರೂ ಬೀಡಿ ಮುಟ್ಟಿದ್ಲಾ? ಆದ್ರೂ ಶ್ವಾಸಕೋಶದ ಕ್ಯಾನ್ಸರಲ್ಲೇ ಹೋದ್ಲು. ಅವಳ ತಂಗಿ, ಚಿಕ್ಕಮ್ಮನೂ ಹಂಗೇ. ವಂಶದಲ್ಲೇ ಬಂದಿರೋ ದೋಷ ಇರ್ಬೋದು ಅಂತಾರೆ ಡಾಕ್ಟ್ರು.”

“ದೋಷ ಇದ್ರೆ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ಪೂಜೆ ಮಾಡಿಸೋಣ. ನನ್ ಮಗ ನಿಂಗೆ ಬೇಡ್ವಾದ್ರೆ ಬೇಡ ಅಂತ ನೇರವಾಗಿ ಹೇಳು.”

ಅಕ್ಕ ಮಡಿಲಲ್ಲಿದ್ದ ಆಸ್ಪತ್ರೆಯ ಕವರನ್ನು ಅವನ ಕೈಗಿಟ್ಟಳು.

“ಆ ದೋಷ ನನ್ನಲ್ಲಿದೆ ಕಣೋ. ಸೋಮವಾರ ತಿಳೀತು.”

ಅವನು ಕವರು ತೆರೆಯಲಿಲ್ಲ.

“ಅಂದ್ರೆ ನಿಂಗೂ ಬರುತ್ತಾ?”

“ಇದ್ದೋರಿಗೆಲ್ಲ ಬರಲ್ವಂತೆ. ಸಿಂಧೂಗೆ ಹೋಗಿರ್ಬೋದು, ಹೋಗ್ದೇನೂ ಇರ್ಬೋದು. ನಿನ್ನಲ್ಲೂ ಇದ್ರೆ ನಿನ್ ಮಗನಿಗೂ ಹೋಗಿರ್ಬೋದು, ನಾಳೆ ಅವರಿಗೆ ಹುಟ್ಟೋ ಮಗೂಗೆ ಎರಡೂ ಕಡೆಯಿಂದ ಬರ್ಬೋದಲ್ಲೋ.”

“ಸಿಂಧೂಗೆ ಹೇಳಿದ್ಯಾ?”

“ಬಾಯೇ ಬರ್ಲಿಲ್ಲ.”

ಬೆಂಗಳೂರಿನ ಬಸ್ಸು ಬಂತು. ತಮ್ಮ ಎದ್ದ.

“ನಡಿಯಕ್ಕ, ಇವತ್ತೇ ರಕ್ತ ಕೊಟ್ಟು ಬರೋಣ. ಮದುವೆ ಮಾತು ಆಮೇಲೆ.”

ಅವನು ಅಕ್ಕನ ಕೈ ಹಿಡಿದು ಹತ್ತಿಸಿದ. ಬಸ್ಸು ಹೊರಟಿತು. ಮುನಿಶಾಮಪ್ಪನವರು ಘಾಟಿಯ ದಿಕ್ಕಿಗೆ ತಿರುಗಿ ಕೈಮುಗಿದರು.

“ಸುಬ್ರಹ್ಮಣ್ಯಸ್ವಾಮಿ, ಆ ಮಕ್ಕಳನ್ನು ಕಾಯಪ್ಪ. ನನ್ನ ತಂಗಿಗೂ, ಬೀಡಿ ಮುಟ್ಟದೆ ಉಸಿರು ಕಟ್ಟಿ ಹೋದ ಆ ತಾಯಿಗೂ ನಿನ್ನ ಪಾದದಲ್ಲಿ ಶಾಂತಿ ಕೊಡು.”