ಒಲೆ ಹಚ್ಚಿದ ಮನೆಯವರು

ವೇದಿಕೆಯ ಮೇಲಿರುವ ನಿವಾಸಿಗಳ ಸಂಘದ ಅಧ್ಯಕ್ಷರಾದ ಸಿದ್ದಲಿಂಗಯ್ಯನವರೇ, ಮುಖ್ಯ ಅತಿಥಿಗಳೇ, ಚಿಕ್ಕಲಸಂದ್ರದ ನಮ್ಮ ಬಡಾವಣೆಯ ಸಭಿಕರೇ, ಊಟಕ್ಕೆ ಇನ್ನೂ ಹೊತ್ತಿದೆ ಎಂಬ ಒಂದೇ ಕಾರಣಕ್ಕೆ ಕುಳಿತಿರುವ ಹಿಂದಿನ ಸಾಲಿನವರೇ,

ಶಾಲು ಹೊದಿಸಿದಿರಿ, ಹಾರ ಹಾಕಿದಿರಿ, 'ಬಡಾವಣೆಯ ತಾಯಿ ಸಪ್ಪಲಮ್ಮನವರು' ಎಂದಿರಿ. ಊರಹಬ್ಬ ಮುಗಿದಾಗಿನಿಂದ ಈ ತಾಯಿಯ ಕಟ್ಟಡಕ್ಕೆ ನೀರಿನ ಟ್ಯಾಂಕರ್ ಬರದಂತೆ ತಡೆದವರೂ ನೀವೇ. ತಾಯಿಗೆ ಸ್ನಾನ ಬೇಡವೆಂದು ಯಾವ ಕಮಿಟಿಯಲ್ಲಿ ತೀರ್ಮಾನವಾಯಿತೋ ಕಾಣೆ.

ಸಪ್ಪಲಮ್ಮನವರು ದೊಡ್ಡ ಮನಸ್ಸು ಮಾಡಿ ಮೇಲಿನ ಮನೆಯ ಬಾಡಿಗೆಯವಳನ್ನು ತಿಂಗಳ ಕೊನೆಗೆ ಖಾಲಿ ಮಾಡಿಸುತ್ತಿದ್ದಾರೆ ಎಂದು ಅಧ್ಯಕ್ಷರು ಈಗ ತಾನೇ ಹೇಳಿದರು. ನೀವು ಚಪ್ಪಾಳೆ ತಟ್ಟಿದಿರಿ. ಆ ಹುಡುಗಿಯ ಹೆಸರು ಹೊಯ್ನು. ಮಣಿಪುರದವಳು, ಜಯನಗರದ ಬ್ಯೂಟಿ ಪಾರ್ಲರಿನಲ್ಲಿ ಕೆಲಸ. ಇಲ್ಲಿ ಕುಳಿತಿರುವ ಎಷ್ಟೋ ಹುಬ್ಬುಗಳನ್ನು ತಿದ್ದಿದವಳು ಅವಳೇ. ಹುಬ್ಬಿಗೆ ಅವಳ ಕೈ ಆಗುತ್ತದೆ, ಬೀದಿಗೆ ಅವಳ ಮುಖ ಆಗುವುದಿಲ್ಲ.

ಅವಳು ಮಾಡಿದ ತಪ್ಪೇನು? ಭಾನುವಾರ ನನ್ನ ತಾರಸಿಯ ಮೇಲೆ ಅವಳ ಕಡೆಯವರನ್ನು ಸೇರಿಸುತ್ತಾಳೆ. ಹೋಟೆಲಿನಲ್ಲಿ ಬಡಿಸುವವರು, ಸೆಕ್ಯುರಿಟಿ ಕೆಲಸದವರು. ಮಡಿವಾಳದಲ್ಲಿ ಒಬ್ಬನನ್ನು 'ಚೀನಾ' ಎಂದು ಹೊಡೆದರೆ, ಒಬ್ಬಳ ಅಡ್ವಾನ್ಸನ್ನು ಓನರ್ ನುಂಗಿದರೆ, ಎಲ್ಲರೂ ಒಟ್ಟಾಗಿ ಸ್ಟೇಷನ್ನಿಗೆ ಹೋಗುತ್ತಾರೆ. ಒಬ್ಬರೇ ಹೋದರೆ ಬಾಗಿಲಿನಿಂದಲೇ ಕಳಿಸುತ್ತಾರೆ, ಗುಂಪಾಗಿ ಹೋದರೆ ಕೂರಿಸಿ ಕೇಳುತ್ತಾರೆ. ಇಷ್ಟೇ ಅವರ ಸಂಘ. ನಮ್ಮ ಸಂಘದ ಸಾಧನೆ ಏನು? ಪಾರ್ಕಿಗೆ ಬೀಗ.

ಇನ್ನೊಂದು ದೂರು, ಅವಳ ಅಡುಗೆ ನಾರುತ್ತದೆಯಂತೆ. ಇರಲಿ, ದೊಡ್ಡವರ ಮೂಗು. ಆದರೆ ಇದೇ ಅಧ್ಯಕ್ಷರು ಬಾಗೇವಾಡಿ ಕಡೆಯಿಂದ ಬಂದು ಮೊದಲು ಬಾಡಿಗೆಗಿದ್ದದ್ದು ಅದೇ ಮೇಲಿನ ಮನೆಯಲ್ಲಿ. ಅವರ ಮನೆಯಾಕೆ ಜಯಶೀಲಾ ಬೆಳಿಗ್ಗೆ ಎದ್ದು ಜೋಳದ ರೊಟ್ಟಿ ತಟ್ಟಿದರೆ ಕೆಳಗಿನ ಮನೆಯ ಬಾಡಿಗೆಯವರು ಕೋಲಿನಿಂದ ಚಾವಣಿ ಕುಟ್ಟುತ್ತಿದ್ದರು. ಖಾಲಿ ಮಾಡಿಸಿ ಎಂದು ಇಡೀ ಬೀದಿ ನಮ್ಮ ಬಾಗಿಲಿಗೆ ಬಂತು. ಇದು ಬಡಾವಣೆಯಾಗುವ ಮೊದಲಿನಿಂದಲೂ ನಮ್ಮ ಹಳ್ಳಿಯಲ್ಲಿ ಒಂದು ಕಟ್ಟಳೆ ಇದೆ. ಊರಹಬ್ಬದ ದಿನ ಊರ ಗಡಿಯೊಳಗೆ ಒಲೆ ಹೊತ್ತಿದ ಪ್ರತಿ ಮನೆಯಿಂದಲೂ ಊರಮ್ಮನಿಗೆ ತಂಬಿಟ್ಟಿನ ಆರತಿ ಬರಬೇಕು. ಸ್ವಂತದ್ದೋ ಬಾಡಿಗೆಯದ್ದೋ ಎಂದು ಅಮ್ಮ ಕೇಳುವುದಿಲ್ಲ. ಆ ವರ್ಷ ನಮ್ಮತ್ತೆ ಜಯಶೀಲಾಳ ತಲೆಯ ಮೇಲೆ ಆರತಿ ತಟ್ಟೆ ಇಟ್ಟು, "ಒಲೆ ಹಚ್ಚವ್ಳೆ, ಊರೋಳಾದ್ಲು. ಇನ್ನೇನ್ರೋ ನಿಮ್ದು?" ಎಂದರು. ಬೀದಿ ತೆಪ್ಪಗಾಯಿತು.

ಈ ಸಲ ಹೊಯ್ನು ಆರತಿ ಹೊತ್ತು ಬಂದಳು. ನೀನು ಚರ್ಚಿಗೆ ಹೋಗುವವಳು, ಬಲವಂತವಿಲ್ಲ ಎಂದಿದ್ದೆ. "ನನ್ನ ಒಲೆನೂ ಇದೆಯಲ್ಲ ಅಮ್ಮ" ಎಂದಳು. ಅವಳು ಬಂದು ನಿಂತದ್ದೇ ನಮ್ಮ ಹೆಂಗಸರು ಸಾಲು ಬಿಟ್ಟು ಸರಿದರು. ಎಲ್ಲರಿಗಿಂತ ಮೊದಲು ಸರಿದವಳು ಜಯಶೀಲಾ. ಮಾರನೆಯ ದಿನ ಟ್ಯಾಂಕರ್ ನಿಂತಿತು.

ಆಮೇಲೆ ಅಧ್ಯಕ್ಷರು ಮನೆಗೆ ಬಂದರು. "ಆಕಿನ್ನ ಖಾಲಿ ಮಾಡಸ್ರಿ ಅವ್ವಾ. ನೀರೂ ಬರ್ತದ, ಸನ್ಮಾನನೂ ಆಗ್ತದ" ಎಂದರು. ನಾನು ಕಾಫಿ ಕೊಟ್ಟೆ. ಕಾಫಿ ಕೊಟ್ಟದ್ದನ್ನೇ ಒಪ್ಪಿಗೆ ಎಂದುಕೊಂಡು ಆಹ್ವಾನಪತ್ರಿಕೆ ಅಚ್ಚು ಹಾಕಿಸಿದರು. ಮನೆಗೆ ಬಂದವರಿಗೆ ನಾವು ಕಾಫಿ ಕೊಡುತ್ತೇವೆ, ಸ್ವಾಮಿ.

ನಾನು ಒಪ್ಪಿಲ್ಲ. ಹೊಯ್ನು ಆ ಮನೆಯಲ್ಲೇ ಇರುತ್ತಾಳೆ, ಭಾನುವಾರದ ಸಭೆಯೂ ನಡೆಯುತ್ತದೆ. ಹೋದ ಭಾನುವಾರ ನಾನೂ ಅದರಲ್ಲಿ ಕುಳಿತೆ, ನೀರಿಲ್ಲದವಳಲ್ಲವೇ? ನಾಳೆ ಬೆಳಿಗ್ಗೆ ಎಲ್ಲರೂ ಸ್ಟೇಷನ್ನಿಗೆ ಹೋಗುವುದು, ಮುಂದೆ ಸಪ್ಪಲಮ್ಮ ಎಂದು ತೀರ್ಮಾನವಾಗಿದೆ. ಹೊಯ್ನು ಮಾತ್ರ ಹಿಂಜರಿದಳು. "ಟ್ಯಾಂಕರ್ ನಿಲ್ಸಿದ್ದು ಯಾರು ಅಂತ ಕೇಳಿದ್ರೆ, ಅಧ್ಯಕ್ಷರ ಹೆಸರು ಹೇಳೋದಾ ಅಮ್ಮ?" ಎಂದಳು.

"ಹೇಳು ಮಗ," ಎಂದೆ. "ಮರ್ಯಾದೆಯಿಂದ ಹೇಳು. ನಮ್ಮನೇಲಿ ಇದ್ದೋರು."

ನಡುವೆ ಮೈಕು ಆರಿಸದವರಿಗೂ, ಎದ್ದು ಹೋಗದವರಿಗೂ ನನ್ನ ಧನ್ಯವಾದ. ಎಲ್ಲರಿಗೂ ಈ ಮುದುಕಿಯ ನಮಸ್ಕಾರ.